ಚೆಲುವಯ್ಯನವರ ಸ್ಕ್ರೂಡ್ರೈವರು

ರಾಮನಗರದ ಚೆಲುವಯ್ಯನವರು ಬೆಳಿಗ್ಗೆ ಎದ್ದವರು ಮುಖ ತೊಳೆಯುವ ಮೊದಲೇ ತಮ್ಮ ಅಂಬಾಸಿಡರಿನ ಆಯಿಲ್ ನೋಡುತ್ತಾರೆ. ಮೂರು ಲಕ್ಷ ಕಿಲೋಮೀಟರು ಓಡಿದ ಕಾರು ಅದು. ಆಯಿಲ್ ಕಡ್ಡಿಯನ್ನು ಹೊರಗೆಳೆದು, ಬೆಲ್ಲದ ಪಾಕದ ಎಳೆ ನೋಡುವವರಂತೆ ಎರಡು ಬೆರಳ ನಡುವೆ ಉಜ್ಜಿ, ಹೆಗಲ ಟವೆಲಿಗೆ ಒರೆಸುತ್ತಾರೆ. ರೇಡಿಯೇಟರಿಗೆ ಸೋಸಿದ ನೀರು, ಮನೆಮಂದಿಗೆ ನಲ್ಲಿ ನೀರು. ಹೈವೇಯಲ್ಲಿ ಬಿಡದಿ ಕಾರ್ಖಾನೆಗಳ ಹೊಸ ಕಾರುಗಳು ಹೊಳೆಯುತ್ತ ಹೋದರೂ ಕತ್ತೆತ್ತುವವರಲ್ಲ. ಪಕ್ಕದ ಮನೆಯ ಸ್ವಾಮಿ "ತಿಂಡಿ ಆಯ್ತಾ ಚೆಲುವಣ್ಣ?" ಎಂದರೂ, "ಇದನ್ನ ಗುಜರಿಗೆ ಹಾಕ್ಬುಡಣ್ಣ" ಎಂದರೂ ಅವರದು ಒಂದೇ ಉತ್ತರ: "ಕೆಟ್ಮೇಲೆ ನೋಡೋದಲ್ಲ ಕಣ್ಲಾ, ಕೆಡದಂಗೆ ನೋಡ್ಕಬೇಕು!" ಕೊನೆಗೆ ಹೆಂಡತಿ ಸರಸಮ್ಮ ಸೀಟಿನಲ್ಲಿ ಕೂತು ಸ್ಟಾರ್ಟ್ ಮಾಡಬೇಕು. ಇವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. "ಕಾಫಿ ಆರೋಯ್ತದೆ, ಬನ್ನಿ" ಎಂದರೂ ಕದಲುವುದಿಲ್ಲ. ರೇಷ್ಮೆ ನೂಲು ಹುರಿಮಾಡುವ ಮಿಷನ್ನುಗಳ ಗದ್ದಲದಲ್ಲಿ ಇಪ್ಪತ್ತೆಂಟು ವರ್ಷ ದುಡಿದು ಕಿವಿ ಕಳಕೊಂಡವರಿಗೆ ಈಗ ಯಾರ ದನಿಯೂ ಕೇಳಿಸದು. ಹಲ್ಲಿನಿಂದ ತಲೆಗೇರುವ ಆ ಇಂಜಿನ್ನಿನ ಸದ್ದೊಂದೇ ಕೇಳಿಸುತ್ತದೆ. ಅದು ಗೊತ್ತಿರುವ ಸರಸಮ್ಮ, ಕಾಫಿ ತಣ್ಣಗಾದರೂ ಇಂಜಿನ್ ಆಫ್ ಮಾಡುವುದಿಲ್ಲ.