ಎರಡನೇ ರೆಕಾರ್ಡಿನ ಹಿಂಬದಿ

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಮಾರತ್ತಹಳ್ಳಿಯ ಒಂದು ಸೈಬರ್ ಕೆಫೆಯಲ್ಲಿ ಕೂತು, ಸುಮ್ಮನೆ ನೋಡೋಣ ಎಂದು ನಾವು ಮೆಚ್ಚಿದ್ದ ಬ್ಯಾಂಡಿನ ಹೆಸರು ಹುಡುಕಿದೆ. ಎಂಬತ್ತರ ದಶಕದಲ್ಲಿ ಮೂರೇ ಮೂರು ರೆಕಾರ್ಡು ಹೊರತಂದು ಚದುರಿಹೋದ ಐದು ಜನರ ಇಂಗ್ಲಿಷ್ ರಾಕ್ ಬ್ಯಾಂಡು ಅದು. ಎಲ್ಲೆಲ್ಲಿಯದೋ ದೇಶದ ಅಭಿಮಾನಿಗಳು ಒಂದು ಪುಟದಲ್ಲಿ ಸೇರಿಕೊಂಡು, ಈ ಬ್ಯಾಂಡಿಗೆ ಸಿಗಬೇಕಾದ ಮರ್ಯಾದೆ ಸಿಗಲಿಲ್ಲ, ಅದರಲ್ಲೂ ನಿಧಾನದ ಹಾಡುಗಳನ್ನು ಯಾರೂ ಸರಿಯಾಗಿ ಕೇಳಲಿಲ್ಲ ಎಂದು ಗೋಳಾಡುತ್ತಿದ್ದರು. ಓದುತ್ತ ಹೋದಂತೆ ಸಂತೋಷವಾಗುವ ಬದಲು ನನಗೆ ಸಿಟ್ಟು ಬಂತು. ಸರಿಯಾಗಿ ಕೇಳುವುದೆಂದರೆ ಏನೆಂದು ನಿಮಗೇನು ಗೊತ್ತು ಎಂದು ಬರೆಯಹೊರಟೆ. ನಾಲ್ಕು ಸಾಲು ಟೈಪ್ ಮಾಡಿ ಅಳಿಸಿದೆ. ಅದನ್ನು ಹೇಳುವಷ್ಟು ಇಂಗ್ಲಿಷ್ ನನ್ನಲ್ಲಿರಲಿಲ್ಲ. ಆ ಸಿಟ್ಟು ನಿಜವಾಗಿ ಅವರ ಮೇಲಿನದ್ದೂ ಆಗಿರಲಿಲ್ಲ.

ನಮ್ಮದು ಕೆ.ಆರ್. ಪುರದ ಕಡೆಯ ಹಳೆಯ ಹಳ್ಳಿ. ಮನೆಯವರು ಸೊಪ್ಪು ಬೆಳೆದು ಶಿವಾಜಿನಗರದ ಮಾರುಕಟ್ಟೆಗೆ ಹಾಕುತ್ತಿದ್ದರು. ತೊಂಬತ್ತರ ದಶಕದಲ್ಲಿ ನಾನು ಹತ್ತಿರದ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ತಗಡನ್ನು ಒತ್ತಿ ಬಿಡಿಭಾಗ ಮಾಡುವ ಕಾರ್ಖಾನೆ. ನನ್ನ ಗೆಳೆಯ ಅಲ್ಲಿ ಪ್ರೆಸ್ ಮೆಷಿನ್ ನಡೆಸುತ್ತಿದ್ದ. ರಾಯಚೂರಿನ ಕಡೆಯವನು, ಮರ್ಫಿ ಟೌನಿನಲ್ಲಿ ಹೆಂಡತಿಯೊಂದಿಗೆ ಒಂದು ಬಾಡಿಗೆ ಕೋಣೆಯಲ್ಲಿದ್ದ. ಇಂಥ ನಮ್ಮಿಬ್ಬರಿಗೂ ಇಂಗ್ಲಿಷ್ ರಾಕಿಗೂ ಎಲ್ಲಿಯ ನಂಟು ಎಂದರೆ, ಅದನ್ನು ಗಂಟುಹಾಕಿದವರು ಕುಕ್ ಟೌನಿನ ಅಂಕಲ್. ರೈಲ್ವೆಯಿಂದ ನಿವೃತ್ತರಾದ ಆಂಗ್ಲೋ ಇಂಡಿಯನ್. ಒಂದು ದಿನ ರೆಕಾರ್ಡ್ ಪ್ಲೇಯರಿನ ಮುರಿದ ತಗಡಿನ ಪಟ್ಟಿ ಹಿಡಿದು, ಇಂಥದ್ದೇ ಒಂದು ಮಾಡಿಕೊಡಿ ಎಂದು ಕಾರ್ಖಾನೆಯ ಗೇಟಿಗೆ ಬಂದಿದ್ದರು. ಗೆಳೆಯ ಊಟದ ಬಿಡುವಿನಲ್ಲಿ ಮಾಡಿಕೊಟ್ಟ. ಅದನ್ನು ಕೂರಿಸಲು ಇಬ್ಬರೂ ಅವರ ಮನೆಗೆ ಹೋದೆವು. ಓಡುತ್ತದೋ ಇಲ್ಲವೋ ನೋಡಲೆಂದು ಅವರು ಹಾಕಿದ್ದು ಈ ಬ್ಯಾಂಡಿನ ಎರಡನೇ ರೆಕಾರ್ಡಿನ ಹಿಂಬದಿ. ಆಮೇಲೆ ಐದು ವರ್ಷ ಭಾನುವಾರ ತಪ್ಪಿಸಲಿಲ್ಲ.

ಆ ಬದಿಯಲ್ಲಿ ಇದ್ದದ್ದು ನಾಲ್ಕೇ ಹಾಡು, ನಾಲ್ಕೂ ನಿಧಾನದವು. ಕೊನೆಯದು ಬಾಡಿಗೆ ಮನೆ ಬಿಡುವವನ ಹಾಡು. ಸಾಮಾನೆಲ್ಲ ಸಾಗಿಸಿಯಾಗಿದೆ, ಬೀಗದ ಕೈ ಹಿಂತಿರುಗಿಸುವ ಮೊದಲು ಅವನು ಒಬ್ಬನೇ ಒಳಗೆ ಬಂದು ನಿಲ್ಲುತ್ತಾನೆ. ಅಷ್ಟೇ ಕಥೆ. ಮೊದಲು ಪಿಯಾನೊ ಮತ್ತು ದನಿ. ಎರಡನೇ ಚರಣ ಮುಗಿದ ಮೇಲೆ ಗಿಟಾರ್ ಬರುತ್ತದೆ. ಡ್ರಮ್ಮಿನವನು ಹಾಡಿನ ಮುಕ್ಕಾಲು ಭಾಗ ಕೈಕಟ್ಟಿ ಕೂತಿದ್ದು, ಬಂದಾಗಲೂ ಚಪ್ಪಲಿ ಹೊರಗೆ ಬಿಟ್ಟು ಬಂದವನಂತೆ ಮೆಲ್ಲಗೆ ಬರುತ್ತಾನೆ. ಅಂಕಲ್ ತಮಿಳು ಬೆರೆತ ಕನ್ನಡದಲ್ಲಿ ಅರ್ಥ ಬಿಡಿಸಿ ಹೇಳಿದಾಗ ಗೆಳೆಯ, "ಇದು ನಮ್ದ ಹಾಡೈತಲ್ಲ," ಎಂದ. ಬೆಂಗಳೂರಿಗೆ ಬಂದ ಮೇಲೆ ಐದು ಕೋಣೆ ಬದಲಿಸಿದ್ದವನು ಅವನು. ಇಂಗ್ಲಿಷ್ ಹೆಸರುಗಳು ನಮ್ಮ ನಾಲಿಗೆಗೆ ಒಗ್ಗುತ್ತಿರಲಿಲ್ಲವಾದ್ದರಿಂದ ಅದನ್ನು ಖಾಲಿ ಕೋಣೆ ಹಾಡು ಎಂದು ಕರೆದೆವು. ಅಂಕಲ್ಲೂ ಹಾಗೆಯೇ ಕರೆಯತೊಡಗಿದರು.

ಅವರ ಮನೆಯ ಕಟ್ಟಳೆ ಕಟ್ಟುನಿಟ್ಟು. ಚರ್ಚು, ಊಟ, ಒಂದು ನಿದ್ದೆ ಮುಗಿದ ಮೇಲೆ ಮೂರು ಗಂಟೆಗೆ ಸೇರಬೇಕು. ವಾರಕ್ಕೊಬ್ಬರ ಸರದಿ, ಸರದಿಯವರು ಹೇಳಿದ ಒಂದು ಬದಿ ಮಾತ್ರ ಹಾಕುವುದು. ರೆಕಾರ್ಡಿಗೆ ಮುಳ್ಳು ಇಳಿದ ಮೇಲೆ ಮಾತಿಲ್ಲ, ಚಹಾ ಇಲ್ಲ, ಕೆಮ್ಮು ಬಂದರೆ ವರಾಂಡಕ್ಕೆ ಹೋಗಬೇಕು. ಮೂವರೂ ಕಣ್ಣುಮುಚ್ಚಿ ಕೂರುತ್ತಿದ್ದೆವು.

ಇಡೀ ಬೆಂಗಳೂರಿನಲ್ಲಿ ಆ ಬ್ಯಾಂಡಿಗೆ ನಾವು ಮೂವರೇ ಅಭಿಮಾನಿಗಳೆಂದು ನಾನು ನಂಬಿದ್ದೆ. ಕಂಟೋನ್ಮೆಂಟಿನ ಹುಡುಗರ ಟೀ ಶರ್ಟಿನ ಮೇಲೆಲ್ಲ ದೊಡ್ಡ ಬ್ಯಾಂಡುಗಳ ಹೆಸರು. ಕಾಲೇಜು ಸ್ಪರ್ಧೆಗಳಲ್ಲಿ ಹಾಡಿದ್ದೇ ಹಾಡು. ನಮ್ಮ ಬ್ಯಾಂಡಿನದು ಯಾರಿಗಾದರೂ ಗೊತ್ತಿದ್ದರೆ ಮೊದಲ ರೆಕಾರ್ಡಿನ ಒಂದು ಗದ್ದಲದ ಹಾಡು ಅಷ್ಟೇ. ಅದನ್ನು ಹೊಗಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾರಿಗೂ ಗೊತ್ತಿಲ್ಲದ್ದನ್ನು ಮೆಚ್ಚುವುದರಲ್ಲಿ ಒಂದು ಕೊಬ್ಬು ಇರುತ್ತದೆ, ನನಗೆ ಅದು ತಲೆಗೇರಿತ್ತು.

ಗೆಳೆಯನ ಸರದಿ ಬಂದರೆ ಮೊದಲೆಲ್ಲ ಕೇಳುವ ಅಗತ್ಯವೇ ಇರಲಿಲ್ಲ, ಎರಡನೇ ರೆಕಾರ್ಡಿನ ಹಿಂಬದಿ. ಐದನೇ ವರ್ಷದ ಒಂದು ಭಾನುವಾರ ಅವನು ಮೊದಲ ರೆಕಾರ್ಡು ಎಂದ, ಗದ್ದಲದ ಬದಿ. ಬದಲಾವಣೆಗೆ ಇರಲಿ ಬಿಡು ಎಂದುಕೊಂಡೆ. ಮುಂದಿನ ಸರದಿಗೂ ಅದೇ, ಅದರ ಮುಂದಿನದಕ್ಕೂ ಅದೇ. ಅಂಕಲ್ ಅವನು ಹೇಳಿದ್ದನ್ನೇ ಹಾಕಿದರು. ನಾನು ಒಳಗೊಳಗೇ ಕುದಿಯುತ್ತಿದ್ದೆ. ಜೊತೆಯಲ್ಲಿ ದೀಕ್ಷೆ ತೆಗೆದುಕೊಂಡವನು ಎದುರಾಳಿಯ ಪಕ್ಷಕ್ಕೆ ಹೋದಂತಾಗಿತ್ತು ನನಗೆ.

ಆಮೇಲೆ ನನ್ನ ಸರದಿ ಬಂತು. ಬೇಕೆಂದೇ ನಿಧಾನದ ಬದಿ ಹಾಕಿಸಿದೆ. ಖಾಲಿ ಕೋಣೆ ಹಾಡು ಶುರುವಾಗಿ ಪಿಯಾನೊ ಮಾತ್ರ ನುಡಿಯುತ್ತಿದ್ದಾಗ ಗೆಳೆಯ ಎದ್ದುಹೋಗಿ ವಾಲ್ಯೂಮನ್ನು ಪೂರ್ತಿ ಏರಿಸಿದ. ಎರಡು ಹಳೆಯ ಸ್ಪೀಕರುಗಳಲ್ಲಿ ಒಂದು ಗೊರ್ ಎಂದಿತು. ಅದರೊಳಗಿನ, ಸದ್ದು ಹೊರಡಿಸುವ ಕಾಗದ ಹರಿದುಹೋಯಿತು. ಅಂಥ ಸ್ಪೀಕರು ಆಗಲೇ ಎಲ್ಲೂ ಸಿಗುತ್ತಿರಲಿಲ್ಲ. ನಾನು ಬಾಯಿಗೆ ಬಂದದ್ದು ಅಂದುಬಿಟ್ಟೆ.

"ನಿಂಗೆ ಹಾಡು ಬೇಕಾಗಿಲ್ಲ ಕಣೋ, ಗಲಾಟೆ ಬೇಕು. ಹೋಗಿ ಪ್ರೆಸ್ ಪಕ್ಕದಲ್ಲೇ ಕೂತ್ಕೋ, ಹೋಗು!"

ಅವನು ನನ್ನ ಮುಖವನ್ನೇ ನೋಡಿದ. "ಆತು ಬಿಡು," ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಅಂಕಲ್ ಸ್ಪೀಕರಿನ ಮೇಲೆ ಕೈಯಿಟ್ಟುಕೊಂಡು, "ಸ್ಪೀಕರ್ ಹೋದ್ರೆ ಹೋಗ್ಲಿ ಮ್ಯಾನ್, ನೀನು ಯಾಕೆ ಹಂಗೆ ಮಾತಾಡ್ದೆ?" ಎಂದರು. ನನ್ನದೇ ಸರಿ ಎಂದು ಅವರೊಡನೆಯೂ ವಾದ ಮಾಡಿದೆ.

ಮುಂದಿನ ಭಾನುವಾರ ಅವನು ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ಕಾರ್ಖಾನೆಯಲ್ಲಿ ನಾನೇ ಸೋತು, ಊಟದ ಹೊತ್ತಿಗೆ ಅಂಗಳದಲ್ಲಿ ಅವನ ಹಿಂದೆ ನಿಂತು ಕರೆದೆ. ತಿರುಗಲಿಲ್ಲ. ಎಷ್ಟು ಜಂಬ ನೋಡು ಎಂದುಕೊಂಡು ವಾಪಸು ಬಂದೆ. ಮರುದಿನವೂ ಕರೆದೆ, ಆಗಲೂ ಅಷ್ಟೇ. ಮೂರನೇ ದಿನ ನಾನು ಕರೆಯುತ್ತಿದ್ದಂತೆ ಯಾರದೋ ಕೈಯಿಂದ ಬಿಡಿಭಾಗ ತುಂಬಿದ ಕಬ್ಬಿಣದ ತಟ್ಟೆ ಜಾರಿ, ಅವನ ಬೆನ್ನ ಹಿಂದೆಯೇ ಕಾಂಕ್ರೀಟಿನ ಮೇಲೆ ಬಿತ್ತು. ಅಂಗಳದಲ್ಲಿದ್ದವರೆಲ್ಲ ಬೆಚ್ಚಿ ತಿರುಗಿದರು. ಅವನೊಬ್ಬ ಮಾತ್ರ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದ.

ಆಗ ನನಗೆ ಹೊಳೆಯಿತು. ಎಂಟು ಪ್ರೆಸ್‌ಗಳು ಒಟ್ಟಿಗೆ ಬಡಿಯುತ್ತಿದ್ದ ಶೆಡ್ಡು ಅದು. ಬೆಳಿಗ್ಗೆ ಬೆಳಿಗ್ಗೆ ಅವನು ನನ್ನ ಸ್ಟೋರ್ಸಿನ ಕಿಟಕಿಗೆ ಬಂದು ಮೆಷಿನ್ ಒರೆಸುವ ಹತ್ತಿಯಲ್ಲಿ ಒಂದು ಚೂರು ಹೆಚ್ಚು ಕೇಳಿ ಕಿವಿಗೆ ತುರುಕಿಕೊಳ್ಳುತ್ತಿದ್ದ. ಭಾನುವಾರಕ್ಕೆ ಕಿವಿ ಉಳಿಸಿಕೊಳ್ಳಬೇಕಲ್ಲ ಎನ್ನುತ್ತಿದ್ದ. ನಾನು ತಮಾಷೆ ಎಂದುಕೊಂಡು ನಗುತ್ತಿದ್ದೆ. ನನ್ನ ಸ್ಟೋರ್ಸಿಗೆ ಗೋಡೆಯಿತ್ತು, ಬಾಗಿಲಿತ್ತು. ಬೇರೆ ಯಾರಿಗೆ ಗೊತ್ತಾಗದಿದ್ದರೂ ನನಗೆ ಗೊತ್ತಾಗಬೇಕಿತ್ತು.

ಹೋಗಿ ಅವನೆದುರು ಕುಕ್ಕರುಗಾಲಿನಲ್ಲಿ ಕೂತೆ. ನನ್ನ ಮುಖ ನೋಡಿದ ಕೂಡಲೇ ಅವನಿಗೆ ಎಲ್ಲ ತಿಳಿಯಿತು. ಬಲಗಿವಿಯನ್ನು ನನ್ನ ಕಡೆಗೆ ಹಿಡಿದ.

"ಎಡದ್ದು ಪೂರಾ ಹೋಗ್ಯಾದ," ಎಂದ. "ಇದ್ರಾಗ ಡ್ರಮ್ಮಿನಂಥ ದಪ್ಪ ಸಪ್ಪಳ ಅಷ್ಟ ಬರ್ತೈತಿ, ಅದೂ ಹಗುರಕ ಹೊಂಟೈತಿ. ನಿಧಾನದ ಹಾಡು ಹಾಕಿದ್ರ ನೀವಿಬ್ರು ಕಣ್ಣುಮುಚ್ಚಿ ಕುಂದ್ರತಿದ್ರಿ. ನಾ ಗ್ವಾಡಿ ನೋಡ್ಕೋತ ಕುಂತಿರ್ತಿದ್ದೆ. ಗದ್ಲದ ಹಾಡರ ಒಂದೀಟು ಕೇಳತಿತ್ತು."

"ಯಾಕೋ ಹೇಳ್ಲಿಲ್ಲ ನೀನು?" ಎಂದು ಅವನ ಕಿವಿಯ ಬಳಿ ಕೂಗಿದೆ.

"ಹೇಳಿದ್ರ ಭಾನುವಾರ ಯಾಕ ಬರ್ತಿ ಅಂತಿದ್ರಿ."

ನಾನು ಹಾಗೆ ಅನ್ನುತ್ತಿರಲಿಲ್ಲ ಎಂದು ಎದೆ ಮುಟ್ಟಿ ಹೇಳಲಾರೆ. ಆ ದಿನಗಳ ನನ್ನ ಕೊಬ್ಬಿನಲ್ಲಿ, ಕಿವುಡನಿಗೆ ಖಾಲಿ ಕೋಣೆ ಹಾಡು ಯಾಕೆ ಎಂದೇ ಅಂದಿರುತ್ತಿದ್ದೆನೇನೋ. ತಪ್ಪಾಯಿತು ಎಂದೆ. ಅದು ಅವನಿಗೆ ಕೇಳಿಸಿತೋ ಇಲ್ಲವೋ, ಮತ್ತೆ ಜೋರಾಗಿ ಹೇಳಲು ನಾಚಿಕೆಯಾಯಿತು. ಅವನು ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಕೈಗಿಟ್ಟ.

ಅವನ ಒಪ್ಪಿಗೆ ಪಡೆದು ಅಂಕಲ್‌ಗೆ ಹೇಳಿದೆ. ಅವರು, "ಅವನ ಸರದಿ ತಪ್ಪಿಹೋಯ್ತಲ್ಲ, ಮುಂದಿನ ವಾರ ಅವನದೇ. ಬರಕ್ಕೆ ಹೇಳು," ಎಂದರು.

ಬಂದ. ಗಡ್ಡ ಬೋಳಿಸಿಕೊಂಡು, ಹಬ್ಬದ ಅಂಗಿ ಹಾಕಿಕೊಂಡು ಬಂದಿದ್ದ. ಯಾವುದು ಎಂದು ಅಂಕಲ್ ಕೈಸನ್ನೆಯಲ್ಲಿ ಕೇಳಿದರು. ಎರಡನೇ ರೆಕಾರ್ಡು, ಹಿಂಬದಿ ಎಂದ. ಒಂದು ಸ್ಪೀಕರು ಮಾತ್ರ ಉಳಿದಿತ್ತು. ಅವನ ಬಲಗಿವಿಗೆ ಹತ್ತಿರವಾಗಲೆಂದು ನಾನು ಅದನ್ನು ಎತ್ತಿ ತಂದು ವಾಲ್ಯೂಮಿನ ಕಡೆ ಕೈ ಚಾಚಿದೆ. ಅವನು ನನ್ನ ಮಣಿಕಟ್ಟು ಹಿಡಿದುಕೊಂಡ.

"ಬ್ಯಾಡ. ಇದೂ ಹರೀತೈತಿ. ಒಂದೊಂದು ಹಾಡು ಸುರು ಆದಾಗ ಭುಜ ಮುಟ್ಟು, ಸಾಕು. ಮುಂದಿಂದೆಲ್ಲ ನನ್ನ ತಲ್ಯಾಗ ಐತಿ."

ಅಂಕಲ್ ಮುಳ್ಳು ಇಳಿಸಿದರು. ಮೊದಲ ಹಾಡಿಗೆ ಭುಜ ಮುಟ್ಟಿದೆ, ಅವನು ಕಣ್ಣುಮುಚ್ಚಿದ. ಎರಡನೆಯದಕ್ಕೆ ಮುಟ್ಟಿದೆ, ಮೂರನೆಯದಕ್ಕೆ ಮುಟ್ಟಿದೆ. ಆ ದಿನ ನಾನು ಕಣ್ಣುಮುಚ್ಚಲಿಲ್ಲ, ಅವನನ್ನೇ ನೋಡುತ್ತಿದ್ದೆ. ಖಾಲಿ ಕೋಣೆ ಹಾಡಿಗೂ ಮುಟ್ಟಿದೆ. ಗಿಟಾರ್ ಬಂದು ಸ್ವಲ್ಪ ಹೊತ್ತಿನ ಮೇಲೆ ಅವನ ತಲೆ ಒಂದಿಷ್ಟು ಓರೆಯಾಯಿತು, ಅವನ ತಲೆಯೊಳಗಿನ ಗಿಟಾರ್ ಆಗ ಬಂದಿರಬೇಕು. ರೆಕಾರ್ಡಿನ ಹಾಡು ಮುಗಿಯಿತು. ಅವನ ಬೆರಳು ಇನ್ನೂ ತೊಡೆಯ ಮೇಲೆ ಡ್ರಮ್ಮಿನ ತಾಳ ಹಾಕುತ್ತಿತ್ತು. ಅಂಕಲ್ ಮುಳ್ಳು ಎತ್ತಲು ಏಳಲಿಲ್ಲ. ಅವನ ಹಾಡು ಮುಗಿಯುವವರೆಗೆ ಇಬ್ಬರೂ ಕಾದೆವು.