ಈ ಸಂಖ್ಯೆ ಆಗಲೇ ನಮೂದಾಗಿದೆ

ಕೆಂಪು ಬಣ್ಣದ ಮೇಲೆ ನನಗೆ ಮೊದಲು ಯಾವ ದ್ವೇಷವೂ ಇರಲಿಲ್ಲ. ಹೈಸ್ಕೂಲು ಮಕ್ಕಳ ಗಣಿತದ ಉತ್ತರಪತ್ರಿಕೆಗಳ ಮೇಲೆ ಅದೇ ಬಣ್ಣದ ಶಾಯಿ ಸುರಿದೇ ಇಷ್ಟು ವರ್ಷ ಅನ್ನ ಉಂಡವಳು ನಾನು. ಆದರೆ ಒಂದು ದಿನ ಗುರುತಿನ ಕಾರ್ಡಿನ ಅರ್ಜಿ ತುಂಬುವಾಗ ಕಂಪ್ಯೂಟರಿನ ಪರದೆಯ ಮೇಲೆ, ನಾನೇ ತುಂಬಿದ ಚೌಕದ ಕೆಳಗೆ, ಸಾಸಿವೆ ಗಾತ್ರದ ಕೆಂಪು ಅಕ್ಷರಗಳಲ್ಲಿ ‘ಇದು ಸರಿಯಾದ ಹೆಸರಲ್ಲ’ ಎಂದು ಮೂಡಿತು. ಅವತ್ತಿನಿಂದ ಆ ಬಣ್ಣ ಕಂಡರೆ ಮೈಯುರಿ.

ನನ್ನ ಹೆಸರು ನಾಗಮಣಿ. ಅದರ ಮೊದಲು ಬಿ. ಎಂ. ಎಂದು ಎರಡು ಅಕ್ಷರಗಳಿವೆ. ಬಿ ಎಂದರೆ ಬೇಗೂರು, ಎಂ ಎಂದರೆ ನಮ್ಮಪ್ಪ ಮಹದೇವಪ್ಪ. ನಮ್ಮ ಕಡೆ ಹೆಸರೆಂದರೆ ಊರು, ಅಪ್ಪ, ನಾವು; ಅಲ್ಲಿಗೆ ಮುಗಿಯಿತು. ಆದರೆ ಆ ಅರ್ಜಿಗೆ ಉಪನಾಮ ಬೇಕಿತ್ತು. ಖಾಲಿ ಬಿಟ್ಟೆ, ‘ಕಡ್ಡಾಯ’ ಎಂದಿತು. ‘ಬಿ’ ಎಂದು ಹಾಕಿದೆ. ಕನಿಷ್ಠ ಎರಡಕ್ಷರ ಇರಬೇಕೆಂದಿತು. ಚುಕ್ಕಿಯಿಟ್ಟು ‘ಬಿ.ಎಂ.’ ಎಂದು ಹಾಕಿದೆ. ವಿಶೇಷ ಚಿಹ್ನೆಗಳಿಗೆ ಅವಕಾಶವಿಲ್ಲವೆಂದಿತು. ನಮ್ಮಪ್ಪನ ಪಕ್ಕದ ಚುಕ್ಕಿ ಯಾವಾಗಿನಿಂದ ವಿಶೇಷ ಚಿಹ್ನೆಯಾಯಿತೋ ಕಾಣೆ. ಕೊನೆಗೆ ಚುಕ್ಕಿ ಅಳಿಸಿ ಶರಣಾದೆ. ಅಂಚೆಯಲ್ಲಿ ಬಂದ ಕಾರ್ಡಿನಲ್ಲಿ ನನ್ನ ಹೆಸರು ‘ಬಿಎಂ ನಾಗಮಣಿ ಬಿಎಂ’ ಎಂದಿದೆ. ಎರಡೂ ಕಡೆ ಅಪ್ಪನ ಕಾವಲು. ಐವತ್ತನಾಲ್ಕು ವರ್ಷದ ಹೆಂಗಸಿಗೆ ಇಷ್ಟು ಭದ್ರತೆ ಯಾಕೆ ಬೇಕೋ ಆ ಅರ್ಜಿಯೇ ಹೇಳಬೇಕು.

ಇದನ್ನೆಲ್ಲ ಹೇಳಿದ್ದು ಯಾಕೆಂದರೆ, ಚಾಮರಾಜನಗರದಲ್ಲಿ ಗಣಿತದ ಮೇಷ್ಟರುಗಳಿಗೆಲ್ಲ ಹತ್ತು ದಿನ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತಾರೆಂದು ಆದೇಶ ಬಂದಾಗ, ಉಳಿದವರು ಗೊಣಗುತ್ತ ಹೋದರು, ನಾನು ಸೇಡಿನಿಂದ ಹೋದೆ. ದಿನಾ ಗುಂಡ್ಲುಪೇಟೆಯಿಂದ ಬೆಳಗಿನ ಬಸ್ಸು ಹಿಡಿದು, ಈರುಳ್ಳಿ ಮೂಟೆಗಳ ಮಧ್ಯೆ ಕಾಲು ಮಡಿಸಿ ಕೂತು, ಆ ಕೆಂಪು ಅಕ್ಷರ ಹುಟ್ಟುವ ಜಾಗವನ್ನು ಕಣ್ಣಾರೆ ನೋಡಿಬಿಡಬೇಕೆಂದು ಹೋದೆ.

ನೋಡಿಯೂ ನೋಡಿದೆ. ಅಲ್ಲಿ ಅಂಥ ರಹಸ್ಯವೇನಿಲ್ಲ. ಕಪ್ಪು ಪರದೆ, ಅದರಲ್ಲಿ ಒಂದು ಪ್ರಶ್ನೆ, ಪಕ್ಕದಲ್ಲಿ ಉತ್ತರಕ್ಕೆ ಕಾಯುತ್ತ ಮಿಟುಕುವ ಒಂದು ಗೆರೆ. ನೀವು ಏನೋ ಒತ್ತುತ್ತೀರಿ. ಅದು ಸರಿಯೋ ತಪ್ಪೋ ನೋಡಲು ‘ಇಫ್’ ಎಂಬ ಮಾತು ಬಾಗಿಲಲ್ಲಿ ನಿಂತಿರುತ್ತದೆ. ವಯಸ್ಸು ಅಂಕಿಯಲ್ಲಿದೆಯೇ? ಇದ್ದರೆ ಒಳಗೆ. ಇಲ್ಲವಾದರೆ ‘ಎಲ್ಸ್’, ಅಂದರೆ ಮಿಕ್ಕವರೆಲ್ಲ ಇತ್ತ ಬನ್ನಿ ಎಂದು ಹಿತ್ತಿಲಿಗೆ ಅಟ್ಟುವುದು. ಅಲ್ಲಿ ‘ತಪ್ಪು, ಮತ್ತೆ ಪ್ರಯತ್ನಿಸಿ’ ಎಂಬ ಬೋರ್ಡು. ಸುತ್ತಲೂ ‘ವೈಲ್’ ಎಂಬ ಗಾಣ. ಸರಿಯಾದ ಉತ್ತರ ಕೊಡುವ ತನಕ ಅದರಲ್ಲಿ ಸುತ್ತುತ್ತಲೇ ಇರಬೇಕು. ನನ್ನನ್ನು ಅಷ್ಟು ಹೊತ್ತು ಸುತ್ತಿಸಿದ್ದು ಈ ನಾಲ್ಕು ಸಾಲು.

ಕಲಿಸಲು ಬಂದ ಹುಡುಗಿ ಮೊದಲ ದಿನವೇ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದಳು: ‘ಬಳಕೆದಾರರನ್ನು ಎಂದೂ ನಂಬಬೇಡಿ.’ ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ನಿಂತು, ಬಳಕೆದಾರರೆಂದರೆ ನಾವೇ ಅಲ್ಲವೇನಮ್ಮ ಎಂದೆ. ಹೌದು ಮೇಡಂ ಎಂದಳು, ನಗುತ್ತ. ನಮ್ಮ ಕಂಡಕ್ಟರುಗಳು ಹೀಗೆ ಮಾಡಿದ್ದರೆ ಈ ಜಿಲ್ಲೆಯಲ್ಲಿ ಬಸ್ಸುಗಳು ಖಾಲಿ ಓಡುತ್ತಿದ್ದವು. ಯಾರೋ ಒಬ್ಬ ಹತ್ತಿ, ‘ಅದೇ, ನಮ್ಮ ಭಾವನ ಜಮೀನ್ ತಾವ ಇಳಿಸ್ಬುಡಿ’ ಅನ್ನುತ್ತಾನೆ. ಕಂಡಕ್ಟರು ಒಂದು ಕ್ಷಣ ಅವನ ಮುಖ ನೋಡಿ ಬೇಗೂರಿನ ಟಿಕೆಟ್ಟು ಹರಿಯುತ್ತಾನೆ. ಇನ್‌ಪುಟ್ ಪರಿಶೀಲನೆ ಎಂದರೆ ಅದು. ನಮ್ಮ ಭಾಷೆಯಲ್ಲೂ ‘ಬಂದರೆ’ ಅನ್ನುತ್ತೇವೆ. ಮನುಷ್ಯ ಮೊದಲು ಬರುತ್ತಾನೆ, ಶರತ್ತು ಅವನ ಬೆನ್ನಿಗೆ ಅಂಟಿಕೊಂಡು ಬರುತ್ತದೆ. ಪೈಥಾನಿನಲ್ಲಿ ಶರತ್ತು ಮೊದಲೇ ಬಂದು ಹೊಸ್ತಿಲ ಮೇಲೆ ಕಾಲು ಚಾಚಿ ಕೂತಿರುತ್ತದೆ.

ಹೀಗೆ ಬೈಯುತ್ತ ಬೈಯುತ್ತ ನಾನು ಹತ್ತು ದಿನದಲ್ಲಿ ಚೆನ್ನಾಗಿಯೇ ಕಲಿತೆ. ಸಿಟ್ಟಿನಿಂದ ಕಲಿತದ್ದು ಬೇಗ ಅಂಟುತ್ತದೆ. ನಾನು ಬರೆಯುವ ಪ್ರೋಗ್ರಾಮು ಮಾತ್ರ ಯಾರನ್ನೂ ಅವಮಾನಿಸಬಾರದೆಂದು ಶಪಥ ಮಾಡಿದೆ. ಅದರಲ್ಲಿ ಉಪನಾಮ ಇರುವುದಿಲ್ಲ, ಚುಕ್ಕಿಗೆ ಸ್ವಾಗತವಿದೆ, ‘ತಪ್ಪು’ ಎಂಬ ಮಾತಿನ ಬದಲು ‘ದಯವಿಟ್ಟು’ ಇರುತ್ತದೆ. ದಯವಿಟ್ಟು ಎಂದು ಬರೆದರೆ ಅನ್ಯಾಯ ನ್ಯಾಯವಾಗುತ್ತದೆಂದು ನಂಬಿದ್ದ ಕಾಲ ಅದು.

ಅದನ್ನು ಪರೀಕ್ಷಿಸುವ ಅವಕಾಶ ಬೇಗೂರಿನ ನಮ್ಮ ಶಾಲೆಯಲ್ಲೇ ಒದಗಿತು. ಒಂದು ಭಾನುವಾರ ಕಣ್ಣಿನ ಶಿಬಿರ. ಮೈಸೂರಿನಿಂದ ಡಾಕ್ಟರುಗಳು ಬರುತ್ತಾರೆ, ಸುತ್ತಿನ ಹಳ್ಳಿಯವರ ಕಣ್ಣು ನೋಡುತ್ತಾರೆ, ಪೊರೆ ಬಂದವರನ್ನು ಮೂರು ಗಂಟೆಗೆ ತಮ್ಮದೇ ಗಾಡಿಯಲ್ಲಿ ಆಪರೇಷನ್ನಿಗೆ ಕರೆದೊಯ್ಯುತ್ತಾರೆ. ಹೆಸರು ಬರೆಸಿದವರಿಗಷ್ಟೇ ಅವಕಾಶ, ಸರದಿ ಬಂದಾಗ ಕೊಟ್ಟ ನಂಬರಿಗೆ ಫೋನು. ಹಿಂದಿನ ಸಲ ಕಾಗದದಲ್ಲಿ ಬರೆದುಕೊಂಡಾಗ, ಯಾವುದಕ್ಕೂ ಇರಲಿ ಎಂದು ಎರಡೆರಡು ಸಲ ಬರೆಸಿದವರಿದ್ದರಂತೆ. ನಾನು ಎದೆಯುಬ್ಬಿಸಿ, ಈ ಸಲ ನನ್ನ ಪ್ರೋಗ್ರಾಮು ನೋಡಿಕೊಳ್ಳುತ್ತದೆ ಬಿಡಿ ಎಂದೆ. ಒಂದು ಇಫ್ ಹಾಕಿದೆ: ಕೊಟ್ಟ ಫೋನ್ ನಂಬರು ಪಟ್ಟಿಯಲ್ಲಿ ಆಗಲೇ ಇದ್ದರೆ, ಬಂದವರು ಎರಡನೇ ಸಲ ಬಂದಿದ್ದಾರೆ. ಎಷ್ಟು ಸರಳ, ಎಷ್ಟು ಚೆಂದ. ಮನುಷ್ಯನಿಗೊಂದು ನಂಬರು, ನಂಬರಿಗೊಬ್ಬ ಮನುಷ್ಯ.

ಬೆಳಗ್ಗೆ ಒಂಬತ್ತಕ್ಕೇ ಸಾಲು ಗೇಟಿನ ತನಕ ಇತ್ತು. ನಾನು ಲ್ಯಾಪ್‌ಟಾಪಿನ ಮುಂದೆ ಕೂತು ಪ್ರಶ್ನೆ ಓದುವುದು, ಅವರು ಹೇಳಿದ್ದನ್ನು ಒತ್ತುವುದು. ಆ ಜನ ಒಂದಾದರೂ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡಬೇಕಲ್ಲ. ವಯಸ್ಸೆಷ್ಟು ಎಂದರೆ ಒಬ್ಬರು, ‘ಅಂದಾಜು ನೀವೇ ನೋಡಿ ಬರ್ಕಳಿ’ ಎಂದರು. ಪೇಟ ಸುತ್ತಿದ ಇನ್ನೊಬ್ಬರು ಬಗ್ಗಿ ಗುಟ್ಟಾಗಿ ಕೇಳಿದರು: ‘ಯಾವ್ದು ಬೇಕು ಮೇಡಂ? ಸ್ಕೂಲ್ ಸರ್ಟಿಪಿಕೇಟ್ದು ಅರವತ್ತೆಲ್ಡು, ಮನೇದು ಅರವತ್ತೆಂಟು.’ ನಾನು ಒಂದೇ ಹೇಳಿ ಎಂದೆ. ‘ಎಲ್ಡೂ ನಂದೇ ಕಣ ಮೇಡಂ’ ಎಂದರು, ನೊಂದುಕೊಂಡು. ಹನ್ನೊಂದು ಗಂಟೆ ಹೊತ್ತಿಗೆ ನಾನು ಆ ತರಬೇತಿಯ ಹುಡುಗಿಯ ಪಕ್ಷಕ್ಕೆ ಪೂರ್ತಿ ಸೇರಿಬಿಟ್ಟಿದ್ದೆ. ಬಳಕೆದಾರರನ್ನು ಎಂದೂ ನಂಬಬಾರದು.

ಆಗ ಬಂದವಳು ಪುಟ್ಟಮ್ಮಣ್ಣಿ. ಪಕ್ಕದ ಊರಿನ ಮುದುಕಿ, ಒಬ್ಬಳೇ ಬಂದಿದ್ದಳು, ಮೇಜನ್ನು ಕೈಯಿಂದ ತಡಕಿ ನಿಂತಳು. ಹೆಸರು ಹೇಳಿದಳು. ವಯಸ್ಸು ಎಪ್ಪತ್ತು ಎಂದು ಅಂಕಿಯಲ್ಲೇ ಹೇಳಿದಳು. ಅವತ್ತು ನನ್ನ ಪ್ರೋಗ್ರಾಮಿಗೆ ಹಾಗೆ ಮರ್ಯಾದೆ ಕೊಟ್ಟವರು ಅಪರೂಪ. ಫೋನ್ ನಂಬರು ಕೇಳಿದಾಗ ಸೊಂಟದಿಂದ ಮಡಿಸಿದ ಚೀಟಿ ತೆಗೆದುಕೊಟ್ಟಳು. ಹತ್ತೂ ಅಂಕಿ ಒತ್ತಿದೆ. ಪರದೆಯ ಮೇಲೆ ಬಂತು: ‘ದಯವಿಟ್ಟು ಕ್ಷಮಿಸಿ, ಈ ಸಂಖ್ಯೆ ಆಗಲೇ ನಮೂದಾಗಿದೆ.’

‘ಆಗಲೇ ಬರೆಸಿದ್ದೀರಲ್ಲ ಅಜ್ಜಿ’ ಎಂದೆ.

‘ಇಲ್ಲ ಕಣವ್ವ, ಈಗ್ಲೇ ಬತ್ತಾ ಇರೋದು.’

‘ಕಂಪ್ಯೂಟರ್ ಹೇಳ್ತಾ ಇದೆ. ನೀವು ಬಂದಿದ್ದಿರಿ, ಬರೆಸಿದ್ದಿರಿ.’

ಅವಳು ವಾದಿಸಲಿಲ್ಲ. ಮುಖ ಚಿಕ್ಕದು ಮಾಡಿಕೊಂಡಳು. ‘ಬಂದಿದ್ನೇನೊ. ಕಣ್ಣು ಕಾಣಾಕಿಲ್ಲ, ಗ್ಯಾನನೂ ಒಂಟೋಯ್ತೇನೊ. ಬರ್ಸಿವ್ನಿ ಅಂದ್ಮೇಲೆ ಸರಿ ಬುಡವ್ವ’ ಎಂದು ಚೀಟಿ ಇಸಿದುಕೊಂಡು, ಗೋಡೆ ಹಿಡಿದು ಹೊರಟುಹೋದಳು. ಇದನ್ನು ಬರೆಯುವಾಗ ಈಗಲೂ ನನಗೆ ನಾಚಿಕೆಯಾಗುತ್ತದೆ. ತಾನು ಬಂದಿಲ್ಲವೆಂದು ಅವಳಿಗೆ ಗೊತ್ತಿತ್ತು. ನನ್ನ ಎರಡು ಸಾಲಿನ ಇಫ್ ಅವಳ ಸ್ವಂತ ನೆನಪನ್ನೇ ತಪ್ಪೆಂದಿತು, ಅವಳು ಒಪ್ಪಿಕೊಂಡು ಹೋದಳು. ಆಗ ಮಾತ್ರ ನಾಚಿಕೆಯಾಗಲಿಲ್ಲ, ಸಾಲು ಬೇಗ ಸಾಗಿತೆಂದು ಸಮಾಧಾನವಾಯಿತು.

ಐವತ್ತು ಜನರ ನಂತರ ಒಬ್ಬ ಅದೇ ನಂಬರು ಕೊಟ್ಟ. ಅವನ ಬೆನ್ನಿಗೆ ಇನ್ನೊಬ್ಬಳು, ಅದೇ ನಂಬರು. ನನಗೆ ರೇಗಿತು. ಇದೇನು ಮೋಸ, ಊರಿಗೆ ಊರೇ ಸೇರಿ ನನ್ನ ಪ್ರೋಗ್ರಾಮಿಗೆ ಟೋಪಿ ಹಾಕುತ್ತಿದೆ ಎನ್ನಿಸಿ, ಕಳ್ಳನನ್ನು ಕೈಯಾರೆ ಹಿಡಿಯುವ ಹುಮ್ಮಸ್ಸಿನಲ್ಲಿ ಆ ನಂಬರಿಗೇ ಫೋನು ಮಾಡಿದೆ. ಮೊದಲ ರಿಂಗಿಗೇ ಎತ್ತಿದರು.

‘ಯೋಳಿ, ಯಾರ್ನ ಕೂಗ್ಬೇಕು?’

ಅವನು ಶಿವಣ್ಣ. ಶಾಲೆಯಿಂದ ಹತ್ತು ನಿಮಿಷ ದೂರ, ಹೆದ್ದಾರಿಯಿಂದ ಪುಟ್ಟಮ್ಮಣ್ಣಿಯ ಊರಿಗೆ ತಿರುಗುವಲ್ಲಿ ಟೀ ಅಂಗಡಿ ಇಟ್ಟವನು. ಒಂದೇ ನಂಬರು ಎಷ್ಟು ಜನರದ್ದಪ್ಪ ಎಂದು ಗದರಿದೆ. ಅವನು ಶಾಂತವಾಗಿ ಹೇಳಿದ: ‘ಊರರ್ಧ ನಂದೇ ಕೊಡದು ಮೇಡಂ. ಮನೇಲಿ ಪೋನ್ ಇದ್ರೂವೆ ಚಾರ್ಜ್ ಇರಾಕಿಲ್ಲ, ಇಲ್ಲ ಒಲ್ದಲ್ಲಿರ್ತಾರೆ. ನಾನಾದ್ರೆ ಎತ್ತೀನಿ, ಓಗಿ ಯೋಳ್ತೀನಿ. ನಂಬ್ರ ಯಾರ್ದಾದ್ರೇನು, ಕೂಗುದ್ರೆ ಓ ಅನ್ನೋರು ಬೇಕು, ಅಷ್ಟೇ ತಾನೆ?’

ಗಣಿತ ಓದಿದವಳು ನಾನು. ಲೆಕ್ಕ ಎಲ್ಲಿ ಎಡವಿತೆಂದು ಆ ಕ್ಷಣವೇ ಕಂಡಿತು. ನಾನು ನಂಬರನ್ನು ಮನುಷ್ಯನ ಗುರುತೆಂದು ಕೇಳಿದ್ದೆ. ಅವರು ಮನುಷ್ಯನನ್ನು ತಲುಪುವ ದಾರಿಯೆಂದು ಕೊಟ್ಟಿದ್ದರು. ಪ್ರಶ್ನೆ ನನ್ನದು ತಪ್ಪು, ಉತ್ತರ ಅವರದು ಸರಿ. ಗಡಿಯಾರ ನೋಡಿದೆ. ಒಂದೂವರೆ. ಮೂರಕ್ಕೆ ಗಾಡಿ. ಪುಟ್ಟಮ್ಮಣ್ಣಿ ಎಂಬ ಮುದುಕಿ ಊರು ಸೇರಿದಳೋ ನೋಡು ಶಿವಣ್ಣ ಎಂದೆ.

‘ಇಲ್ಲೇ ಬೆಂಚಲ್ಲಿ ಕುಂತವ್ಳೆ ಮೇಡಂ, ಅವಾಗಿಂದ. ಎಸ್ರು ಬರ್ಸಾಯ್ತಂತೆ. ನೀವು ನನ್ನ ಪೋನ್ಗೆ ಕೂಗ್ತೀರಿ ಅಂತ ಕಾಯ್ತಾವ್ಳೆ.’

ಹೆಸರು ಪಟ್ಟಿಯಲ್ಲಿದೆ ಎಂದು ನಾನೇ ಹೇಳಿದ್ದೆನಲ್ಲ. ಪಟ್ಟಿಯಲ್ಲಿದ್ದವರನ್ನು ಕೊಟ್ಟ ನಂಬರಿಗೆ ಕರೆಯುತ್ತಾರೆ. ಆ ನಂಬರು ಇರುವ ಜಾಗದಲ್ಲಿ ಹೋಗಿ ಕೂತಿದ್ದಳು. ಇಡೀ ದಿನದಲ್ಲಿ ನನ್ನ ಪ್ರೋಗ್ರಾಮಿನ ಮಾತನ್ನು ಅಕ್ಷರಶಃ ನಂಬಿದವಳು ಅವಳೊಬ್ಬಳೇ.

ಶಿವಣ್ಣ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಕರೆತಂದ. ಅಷ್ಟರಲ್ಲಿ ನಾನು ಸಾಲನ್ನು ನಿಲ್ಲಿಸಿ, ಎಲ್ಲರೆದುರೇ ಆ ಇಫ್ ಅನ್ನು ಬೇರುಸಮೇತ ಅಳಿಸಿದೆ. ಉಳಿದ ಶರತ್ತುಗಳ ಎಲ್ಸ್‌ಗಳಿಗೂ ಕೈಹಾಕಿದೆ. ‘ಮತ್ತೆ ಪ್ರಯತ್ನಿಸಿ’ ಎಂದಿದ್ದಲ್ಲೆಲ್ಲ ‘ನಾಗಮಣಿ, ಬಂದವರನ್ನು ಕೇಳು’ ಎಂದು ಬರೆದೆ. ತರಬೇತಿಯ ಹುಡುಗಿ ನೋಡಿದ್ದರೆ ಇದಕ್ಕೆ ಎಷ್ಟು ಅಂಕ ಕೊಡುತ್ತಿದ್ದಳೋ. ಪುಟ್ಟಮ್ಮಣ್ಣಿಯ ಕಣ್ಣು ನೋಡಿದ ಡಾಕ್ಟರು, ಎರಡರಲ್ಲೂ ಪೊರೆ ಬಲಿತಿದೆ, ಒಂದನ್ನು ತಡಮಾಡುವಂತಿಲ್ಲ ಎಂದರು. ಮೂರು ಗಂಟೆಯ ಗಾಡಿಯಲ್ಲಿ ಕಿಟಕಿಯ ಪಕ್ಕದ ಸೀಟು ಹಿಡಿದು ಅವಳು ಹೋದಳು.

ಮೂರು ವಾರದ ನಂತರ ಒಂದು ಮಧ್ಯಾಹ್ನ ಕಪ್ಪು ಕನ್ನಡಕ ಹಾಕಿಕೊಂಡು ಶಾಲೆಗೆ ಬಂದಳು, ಸೆರಗಿನಲ್ಲಿ ಅವರೆಕಾಯಿ ಕಟ್ಟಿಕೊಂಡು. ಈ ಸಲ ಗೋಡೆ ಹಿಡಿದಿರಲಿಲ್ಲ.

‘ಎಲ್ಲವ್ವ ಅದು, ನಾನು ಆಗ್ಲೇ ಬಂದಿದ್ದೆ ಅಂದಿದ್ದು?’

ಲ್ಯಾಪ್‌ಟಾಪು ತೆರೆದು ತೋರಿಸಿದೆ. ಆ ಪ್ರೋಗ್ರಾಮನ್ನೇ ಓಡಿಸಿದೆ. ಅವಳು ಬಗ್ಗಿ ಕಪ್ಪು ಪರದೆಯನ್ನು ನೋಡಿದಳು, ಹಿಂದೆ ತಿರುಗಿಸಿ ಅದರ ಬೆನ್ನನ್ನೂ ನೋಡಿದಳು. ನಾನು ನಡೆದದ್ದನ್ನೆಲ್ಲ ಹೇಳಿ ಒಪ್ಪಿಕೊಂಡೆ: ನಿಮಗಿಂತ ಮೊದಲು ಆ ನಂಬರು ಕೊಟ್ಟವನು ನಿಮ್ಮೂರಿನ ಮಲ್ಲಪ್ಪ ಎಂಬ ಗಂಡಸು, ಅವನ ಹೆಸರೂ ಪಟ್ಟಿಯಲ್ಲಿತ್ತು, ಇದು ನಂಬರನ್ನಷ್ಟೇ ನೋಡಿ ನಿಮ್ಮನ್ನು ಅವನೆಂದುಕೊಂಡಿತು, ಇದಕ್ಕೆ ಅಷ್ಟೆಲ್ಲ ತಿಳಿಯುವುದಿಲ್ಲ ಅಜ್ಜಿ ಎಂದೆ.

‘ಅದ್ಕೆ ಕಣ್ಣಿಲ್ಲ, ಸರಿ’ ಎಂದಳು ಪುಟ್ಟಮ್ಮಣ್ಣಿ. ‘ನಿಂಗಿದ್ವಲ್ಲವ್ವ?’

ದನಿಯಲ್ಲಿ ಸಿಟ್ಟಿರಲಿಲ್ಲ. ಇಷ್ಟು ದಿನ ಊರವರ ಪಾಲಿನ ಸಿಟ್ಟನ್ನೂ ನಾನೊಬ್ಬಳೇ ಮಾಡಿಕೊಂಡು ಬಂದಿದ್ದೆ, ಅವಳಿಗೆ ಉಳಿದಿರಲಿಲ್ಲವೇನೋ. ಪರದೆಯ ಮೇಲೆ ಪ್ರಶ್ನೆಯ ಪಕ್ಕದ ಗೆರೆ ಉತ್ತರಕ್ಕಾಗಿ ಮಿಟುಕುತ್ತಲೇ ಇತ್ತು. ನಾನು ಅದನ್ನು ಮುಚ್ಚಿ, ಅವರೆಕಾಯಿ ಇಸಿದುಕೊಂಡು, ಎರಡು ಟೀ ಕಳಿಸೆಂದು ಶಿವಣ್ಣನ ನಂಬರಿಗೆ ಫೋನು ಮಾಡಿದೆ.