ಮಂಗಳೂರು ಉಳಿದ ಮಧ್ಯಾಹ್ನ

ಒಂದು ಭಾನುವಾರ, ವಿದೇಶದಲ್ಲಿ ನಾವಿರುವ ರೆಂಟನ್‌ನಿಂದ ಪಕ್ಕದ ಊರು ಸಮಾಮಿಶ್‌ಗೆ, ನನ್ನ ಗೆಳತಿಯ ಮನೆಗೆ ಊಟಕ್ಕೆ ಹೋಗಿದ್ದೆವು. ಬಿಸಿಬೇಳೆಬಾತ್ ಮುಗಿದ ಮೇಲೆ ಅವಳ ಗಂಡ ಹೊಸ ಬೋರ್ಡ್ ಗೇಮ್ ಬಿಚ್ಚಿದರು. ಇಂಗ್ಲೆಂಡ್, ಫ್ರಾನ್ಸ್, ಪೋರ್ಚುಗಲ್, ಹಾಲೆಂಡ್ ಪೈಪೋಟಿಯ ಮೇಲೆ ಹಡಗು ಕಳಿಸಿ ದೂರದ ಬಂದರುಗಳನ್ನು ಹಿಡಿಯಬೇಕು. ಚರಿತ್ರೆ ನಡೆದಂತೆಯೇ ನಡೆಯಬೇಕೆಂದಿಲ್ಲ, ಯಾರು ಬೇಕಾದರೂ ಗೆಲ್ಲಬಹುದು.

"ಇಂಗ್ಲೆಂಡ್ ನಂದು!" ಎಂದು ಮೊದಲು ಕೂಗಿದವರು ನನ್ನ ಗಂಡ. ಅದೂ ಮೈಸೂರಿನವರು!

"ಅದ್ಹೆಂಗ್ರೀ? ಗೇಮ್ ತಂದಿದ್ದು ನಾನು" ಎಂದು ಗೆಳತಿಯ ಗಂಡ ಜಗಳಕ್ಕೇ ನಿಂತರು.

ನನಗೆ ಮೈಯೆಲ್ಲ ಉರಿಯಿತು. ಬೋರ್ಡಿನ ಮೇಲೆ ನನ್ನ ಮಂಗಳೂರು ಒಂದು ಪುಟ್ಟ ಚೌಕ, ಅದರೊಳಗೆ ಕರಿಮೆಣಸಿನ ಚಿತ್ರ. ಹಿಡಿಯುವವರ ಸಾಲಿನಲ್ಲಿ ನಾವಿಲ್ಲ, ಹಿಡಿಸಿಕೊಳ್ಳುವುದಕ್ಕಷ್ಟೇ ಇದ್ದೇವೆ.

"ನಿಮಗೆ ಮಾನ ಮರ್ಯಾದೆ ಉಂಟಾ?" ಎಂದೆ.

"ಆಟ ಕಣೇ, ತಲೆ ಕೆಡಿಸ್ಕೋಬೇಡ" ಎಂದರು ಗಂಡ. ನಾನು ಕಾಫಿ ಲೋಟ ಹಿಡಿದು ಕಿಟಕಿಯ ಪಕ್ಕ ಹೋಗಿ ಕೂತೆ. ಕೊನೆಗೆ ಇಂಗ್ಲೆಂಡ್ ನನ್ನ ಗಂಡನಿಗೇ ಹೋಯಿತು; ಗೆಳತಿಯೂ ಊಟಕ್ಕೆ ಬಂದಿದ್ದ ಅವಳ ತಮ್ಮನೂ ಸೇರಿ ನಾಲ್ಕು ದೇಶ ನಾಲ್ವರಿಗೆ ಹಂಚಿಹೋಯಿತು.

ಉಳಿದವಳು ನನ್ನ ಮಗಳು. ಹನ್ನೊಂದು ವರ್ಷ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮಂಗಳೂರನ್ನು ಯಾವಾಗಲೂ "ನಿನ್ನ ಊರು" ಎನ್ನುತ್ತಾಳೆ. ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಚುರುಕ್ ಎನ್ನುತ್ತದೆ.

ಅವಳು ನಿಯಮಗಳನ್ನೆಲ್ಲ ಓದಿ, ನಾನು ಮಂಗಳೂರು ಆಗಬಹುದಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಬೇಡ ಎನ್ನಲು ಯಾರಿಗೂ ಕಾರಣ ಸಿಗಲಿಲ್ಲ. ಪಾಪ, ಆಡಲಿ ಎಂದು ಮೆಣಸಿನ ಬಿಲ್ಲೆಗಳನ್ನೆಲ್ಲ ಅವಳ ಕೈಗೇ ಕೊಟ್ಟರು.

ಮೆಣಸು ಕೊಂಡವರ ಹಡಗು ಆ ಬಂದರಿಗೆ ಬರುತ್ತದೆ; ಒಂದು ಬಂದರಿನಲ್ಲಿ ಎರಡು ದೇಶಗಳ ಹಡಗಿದ್ದರೆ ಯಾರೂ ಅದನ್ನು ಹಿಡಿಯುವಂತಿಲ್ಲ. ಇದನ್ನು ಗಮನಿಸಿದ್ದವಳು ಅವಳೊಬ್ಬಳೇ. ಫ್ರೆಂಚರು ಬಂದರೆ ಪೋರ್ಚುಗೀಸರನ್ನು ಕರೆದು ಮೆಣಸು ಮಾರಿದಳು, ಇಂಗ್ಲಿಷರು ಬಂದರೆ ಡಚ್ಚರನ್ನು. ದೊಡ್ಡವರು ತಮ್ಮತಮ್ಮಲ್ಲೇ ಕಿತ್ತಾಡಿಕೊಂಡು ಹಡಗು ಕಳೆದುಕೊಂಡರು. ಗೋವಾ ಹೋಯಿತು, ಕೊಚ್ಚಿ ಹೋಯಿತು. ಮಂಗಳೂರು ಹಾಗೇ ಇತ್ತು.

ಕೊನೆಯ ಸುತ್ತು. ಬಂದರಿನಲ್ಲಿ ಇಂಗ್ಲೆಂಡಿನ ಹಡಗೊಂದೇ. ಮಗಳ ಹತ್ತಿರ ಉಳಿದಿದ್ದೂ ಒಂದೇ ಬಿಲ್ಲೆ. ಅದನ್ನು ಡಚ್ಚರಿಗೆ ಮಾರದಿದ್ದರೆ ಊರು ಹೋದಂತೆಯೇ. ನನ್ನ ಗಂಡ ಬೆಣ್ಣೆ ಹಚ್ಚತೊಡಗಿದರು.

"ಪುಟ್ಟಿ, ಅವ್ರಿಗೆ ಮಾರ್ಬೇಡ ಕಣೋ. ಐಸ್‌ಕ್ರೀಮ್ ಕೊಡಿಸ್ತೀನಿ. ನಾನು ನಿಮ್ಮಪ್ಪ ಅಲ್ವಾ?"

ಅಪ್ಪ ಎಂದರೆ ಅವಳಿಗೆ ಪ್ರಾಣ. ಬಿಲ್ಲೆ ಹಿಡಿದು ಅವರ ಮುಖವನ್ನೇ ನೋಡಿದಳು. ನನ್ನ ಕಾಫಿ ಯಾವಾಗಲೋ ಆರಿಹೋಗಿತ್ತು. ಆಮೇಲೆ ಅವಳು ಬಿಲ್ಲೆಯನ್ನು ಡಚ್ಚರ ಕಡೆ ತಳ್ಳಿ, ಆ ಪುಟ್ಟ ಚೌಕದ ಮೇಲೆ ಅಂಗೈ ಊರಿದಳು.

"ಕೊಡುದಿಲ್ಲ ಅಪ್ಪ. ಇದು ನಮ್ಮ ಊರು."

ಸೋತ ಇಂಗ್ಲೆಂಡೇ ಮೊದಲು ಚಪ್ಪಾಳೆ ತಟ್ಟಿತು. ನಾನು ಕಿಟಕಿಯ ಬಳಿಯಿಂದ ಎದ್ದು ಬಂದೆ. ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತು, "ಇನ್ನೊಂದು ಆಟ ಆಗ್ಲಿ" ಎಂದೆ.